ಗೋಡೆಯ ಮೇಲೆ ಕಿವುಡಿ, ಕಾಗದದ ಮೇಲಲ್ಲ

ಬನಹಟ್ಟಿ, ಮಾರ್ಚ್ ೧೯೮೯

ಜಿಲ್ಲೆಯ ಆರೋಗ್ಯವನ್ನೆಲ್ಲ ಒಂದೇ ಮೇಜಿನ ಮೇಲಿಟ್ಟುಕೊಂಡು ಕೂತಿರುವ ದೊಡ್ಡ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳು ಕಿವುಡಿಯೋ ಅಲ್ಲವೋ ಎಂಬುದನ್ನು ತಾವು ಒಮ್ಮೆ ಸಮಾಧಾನದಿಂದ ಕೂತು ತೀರ್ಮಾನಿಸಿ ತಿಳಿಸಬೇಕು. ತಮ್ಮ ಇಲಾಖೆಯ ಪೋಸ್ಟರಿನ ಪ್ರಕಾರ ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ನಾನು ನನ್ನ ಸೋದರಮಾವನನ್ನು ಮದುವೆಯಾದದ್ದೇ ಅದಕ್ಕೆ ಕಾರಣ. ತಮ್ಮದೇ ಇಲಾಖೆಯ ದೊಡ್ಡ ಆಸ್ಪತ್ರೆಯ ಪ್ರಕಾರ ಅವಳ ಎರಡೂ ಕಿವಿ ಗಟ್ಟಿಮುಟ್ಟಾಗಿವೆ, ಕೆಟ್ಟಿರುವುದು ತಾಯಿಯ ತಲೆ ಮಾತ್ರ. ಪೋಸ್ಟರಿನ ಕೆಳಗೂ ತಮ್ಮ ಹುದ್ದೆ ಅಚ್ಚಾಗಿದೆ, ಆಸ್ಪತ್ರೆಯ ಮಾತನ್ನು ಎತ್ತಿಹಿಡಿದ ಕಾಗದದ ಕೆಳಗೂ ತಮ್ಮ ಸಹಿ ಇದೆ. ಹುಡುಗಿ ಒಬ್ಬಳೇ, ಇರುವುದು ಒಂದೇ ಜೋಡಿ ಕಿವಿ. ಅವು ಭಾಷಣದ ದಿನ ಕೆಟ್ಟು ಸರ್ಟಿಫಿಕೇಟಿನ ದಿನ ಸರಿಯಾಗುತ್ತವೆಂದರೆ, ಇಂಥ ಚಮತ್ಕಾರವನ್ನು ನಮ್ಮ ಕಡೆ ಯಾವ ದೇವರೂ ಇದುವರೆಗೆ ಮಾಡಿಲ್ಲ.

ಇದನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಕಳಿಸಿದ್ದೆ ಕೂಡ. ಅದಕ್ಕೆ ಬಂದ ಉತ್ತರವನ್ನು ಮುಂದೆ ಹೇಳುತ್ತೇನೆ. ನಾಲ್ಕು ಜನರೆದುರು ತಾವು ನನ್ನ ಮಗಳ ವಿಷಯ ಮಾತಾಡಿದ್ದೀರಿ, ಆದ್ದರಿಂದ ನಾನೂ ನಾಲ್ಕು ಜನ ಓದುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಅವಸರ ಯಾಕೆಂದರೆ, ಪಕ್ಕದ ಜಿಲ್ಲೆಯಲ್ಲಿ ಕಿವುಡ ಮಕ್ಕಳ ವಸತಿ ಶಾಲೆಯೊಂದಿದೆ. ಅಲ್ಲಿ ಕಿವಿಗೆ ಯಂತ್ರ ಕೊಡುತ್ತಾರೆ, ಮಾತು ಕಲಿಸುತ್ತಾರೆ, ಅಕ್ಷರ ಕಲಿಸುತ್ತಾರೆ. ನನ್ನ ಮಗಳಿಗಾಗಿ ಒಂದು ಸೀಟನ್ನು ಈ ಜೂನ್ ತನಕ ಹಿಡಿದಿಟ್ಟಿದ್ದಾರೆ. ಅದಕ್ಕೆ, ಅವಳಿಗೆ ಕಿವಿ ಕೇಳುವುದಿಲ್ಲ ಎಂಬ ಸರಕಾರಿ ಸರ್ಟಿಫಿಕೇಟ್ ಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ. ನನಗೆ ಬೇಕಾಗಿರುವುದು ಇದೊಂದೇ ಕಾಗದ.

ನಾನು ಭಾಗವ್ವ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಬನಹಟ್ಟಿಯ ನೇಕಾರ ಓಣಿಯಲ್ಲಿ ನಮ್ಮ ಮನೆ, ಮನೆಯೊಳಗೇ ಮಗ್ಗ. ಮೊದಲು ಕೈಮಗ್ಗ ಇದ್ದವು, ಈಗ ಕರೆಂಟಿನವು. ಗಂಡ ಗಿರಿಮಲ್ಲಪ್ಪ ನನ್ನ ಅವ್ವನ ತಮ್ಮ. ಗಂಡನ ಹೆಸರನ್ನು ಹೀಗೆ ಅಚ್ಚು ಹಾಕಿಸಬಾರದಂತೆ, ಆದರೆ ಹೆಸರಿಲ್ಲದ ಅರ್ಜಿಯನ್ನು ತಮ್ಮ ಕಚೇರಿ ಮುಟ್ಟುವುದಿಲ್ಲವಲ್ಲ. ಹುಟ್ಟಿದಾಗಿನಿಂದ ನಾನು ಅವನನ್ನು ಮಾವ ಎಂದೇ ಕರೆದವಳು, ಮದುವೆಯಾದ ಮೇಲೆ ಬದಲಾಯಿಸುವ ಪ್ರಮೇಯವೇ ಬರಲಿಲ್ಲ. ನನ್ನ ಅತ್ತೆ ಶಂಕ್ರೆವ್ವ ನನ್ನ ಸ್ವಂತ ಆಯಿ, ಅಂದರೆ ಅವ್ವನ ಅವ್ವ. ಇದರ ಸುಖದುಃಖ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಗಂಡನ ಸಂಗಡ ಜಗಳವಾಡಿ, ಗಂಟು ಕಟ್ಟಿಕೊಂಡು, ಮೂಗು ಒರೆಸಿಕೊಳ್ಳುತ್ತ ತವರಿಗೆ ಹೋದರೆ ಬಾಗಿಲಲ್ಲಿ ಗಂಡನ ಅಕ್ಕ ನಿಂತಿರುತ್ತಾಳೆ. "ನನ್ನ ತಮ್ಮಗ ಏನಂದಿ ಮತ್ತ?" ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾಳೆ. ಅವಳೇ ನನ್ನ ಅವ್ವ.

ಮಗಳು ಕೆಂಪವ್ವ, ನಮ್ಮೆಲ್ಲರ ಬಾಯಲ್ಲಿ ಕೆಂಪಿ. ಅವಳಿಗೆ ಕಿವಿ ಕೇಳುವುದಿಲ್ಲವೆಂದು ನಮಗೆ ಗೊತ್ತಾದದ್ದು ಅವಳ ನಾಲ್ಕನೆಯ ವರ್ಷದಲ್ಲಿ. ಅಷ್ಟು ದಿನ ತಿಳಿಯಲಿಲ್ಲವೇ ಎಂದು ತಾವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ದಯವಿಟ್ಟು ನಮ್ಮ ಓಣಿಗೆ ಮಗ್ಗ ನಡೆಯುವ ಹೊತ್ತಿಗೆ ಒಮ್ಮೆ ಬನ್ನಿ. ಪಟಪಟ ಪಟಪಟ ಎಂದು ಮನೆಮನೆಯಲ್ಲೂ ಲಾಳಿ ಬಡಿಯುತ್ತಿರುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಹಾಗಾಗಿ ನಾವು ತುಟಿ ಆಡಿಸಿ, ಕೈ ತಿರುವಿ ಮಾತಾಡುವವರು. ಹೆಬ್ಬೆರಳು ಬಾಯಿಗೆ ಹೋದರೆ ಚಹಾ. ಎರಡು ಬೆರಳು ಕತ್ತರಿಯಂತೆ ಆಡಿದರೆ ನೂಲು ಕಡಿಯಿತು. ಇಲ್ಲದ ಮೀಸೆಯನ್ನು ತಿರುವಿದರೆ ಸಾಹುಕಾರ ಬಂದ, ಎದ್ದು ನಿಲ್ಲಿ. ಆಯಿಗೆ ಸಿಟ್ಟು ಬಂದಿದೆ ಎನ್ನಲು ಮಾತ್ರ ಯಾವ ಸನ್ನೆಯೂ ಬೇಕಿಲ್ಲ, ಮುಖ ನೋಡಿದರೆ ಸಾಕು. ಇಂಥ ಮನೆಯಲ್ಲಿ ಹುಟ್ಟಿದ ಕೂಸು ತೊಟ್ಟಿಲಿಂದಲೇ ಎಲ್ಲರ ತುಟಿ ನೋಡಿತು, ಕೈ ನೋಡಿತು, ಥಟ್ಟನೆ ಉತ್ತರ ಕೊಟ್ಟಿತು. "ಎಷ್ಟ ಚುರುಕ ಐತಿ ನೋಡ ಕೂಸು, ಹೇಳೂದರಾಗ ತಿಳಕೊಂತೈತಿ" ಎಂದು ಓಣಿಯೆಲ್ಲ ಹೊಗಳಿತು. ಮಾತು ಸರಿಯಾಗಿ ಬರುತ್ತಿರಲಿಲ್ಲ ನಿಜ, ಆದರೆ ನಮ್ಮ ಮನೆಯಲ್ಲಿ ಮಾತು ಯಾರಿಗೆ ಬೇಕಾಗಿತ್ತು?

ಆ ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟಿತು. ಹಗಲೆಲ್ಲ ಮಗ್ಗ ನಿಂತವು, ಓಣಿಗೆ ಓಣಿಯೇ ಗಪ್ಪಾಯಿತು. ಆಗ ನಾವೆಲ್ಲ ಬಾಯಿ ಬಿಟ್ಟು ಮಾತಾಡತೊಡಗಿದೆವು. ಒಂದು ಮಧ್ಯಾಹ್ನ ಕೆಂಪಿ ನಮಗೆ ಬೆನ್ನು ಮಾಡಿ ಕೂತು ನೂಲು ಬರಿದಾದ ಕಂಡಿಕೆಗಳನ್ನು ಸಾಲಾಗಿ ಹೂಡಿ ಆಡುತ್ತಿದ್ದಳು.

"ಏ ಕೆಂಪಿ, ಒಂದ ತಂಬಿಗಿ ನೀರ ತಾ ಬೇ," ಎಂದಳು ಆಯಿ.

ಕೆಂಪಿ ಅಲುಗಲಿಲ್ಲ. ಆಯಿ ಮತ್ತೆ ಕರೆದಳು. ಆಮೇಲೆ ಮಾವನ ಕಡೆ ತಿರುಗಿ, "ಥೇಟ ನಿನ್ನಂಗ ಮೊಂಡ ಐತಿ ನೋಡಪಾ," ಎಂದಳು.

"ನಾ ಏನ ಮಾಡೀನಿ ಯವ್ವಾ ನಡುವ?" ಎಂದ ಮಾವ.

ಆಯಿ ಸಿಟ್ಟಿನಿಂದ ಕಂಚಿನ ತಾಟನ್ನು ನೆಲಕ್ಕೆ ಒಗೆದಳು. ನಾವೆಲ್ಲ ಹೌಹಾರಿದೆವು, ಪಕ್ಕದ ಮನೆಯವರು ಓಡಿಬಂದರು. ಕೆಂಪಿ ಅಷ್ಟು ದೂರದ ಕಟ್ಟೆಯ ಮೇಲೆ ತನ್ನ ಪಾಡಿಗೆ ತಾನು ಕಂಡಿಕೆ ಹೂಡುತ್ತಲೇ ಇದ್ದಳು. ನಾನು ಕೂತಲ್ಲೇ ಅತ್ತುಬಿಟ್ಟೆ. ಯಾರೋ ಅಳುತ್ತಿದ್ದಾರೆಂದು ಅವಳಿಗೆ ಹೇಗೆ ಅನ್ನಿಸಿತೋ, ತಿರುಗಿ ನೋಡಿ ಓಡಿಬಂದು ನನ್ನ ಸೆರಗಿನಿಂದ ನನ್ನ ಕಣ್ಣನ್ನೇ ಒರೆಸಿದಳು.

ಅದರ ಮುಂದಿನ ವರ್ಷ ತಾವು ನಮ್ಮೂರಿಗೆ ಬಂದಿರಿ. ಆರೋಗ್ಯ ಶಿಬಿರ, ಪೆಂಡಾಲು, ಮೈಕು, ಹಾರ, ಎಲ್ಲ ಭರ್ಜರಿ. "ರಕ್ತ ಸಂಬಂಧದಲ್ಲಿ ಮದುವೆಯಾಗಿ ಕಿವಿ ಕೇಳದ ಮಕ್ಕಳನ್ನು ಹಡೆದವರು ಕೈ ಎತ್ತಿ" ಎಂದಿರಿ. ಏನೋ ಔಷಧ ಕೊಡುತ್ತಾರೆಂದು ನಾನು ಎಲ್ಲರಿಗಿಂತ ಮೊದಲು ಎತ್ತಿದೆ. ತಾವು ಕೆಂಪಿಯನ್ನು ವೇದಿಕೆಗೆ ಹತ್ತಿಸಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟು, ಅಜ್ಞಾನದ ಬಗ್ಗೆ, ಮೂಢ ಸಂಪ್ರದಾಯದ ಬಗ್ಗೆ, ಆಸ್ತಿ ಹೊರಗೆ ಹೋಗಬಾರದೆಂಬ ದುರಾಸೆಯ ಬಗ್ಗೆ ಬಹಳ ಹೊತ್ತು ಮಾತಾಡಿದಿರಿ. ಆಮೇಲೆ ಫೋಟೋ. ಕೆಂಪಿಗೆ ವೇದಿಕೆ ಬಹಳ ಹಿಡಿಸಿತ್ತು. ಮುಖ ಸಪ್ಪಗೆ ಮಾಡಿಕೋ ಎಂದು ಫೋಟೋದವರು ಎಷ್ಟು ಸನ್ನೆ ಮಾಡಿದರೂ, ಇವರೂ ನಮ್ಮ ಓಣಿಯವರೇ ಇರಬೇಕೆಂದು ಖುಷಿಯಾಗಿ ಹಲ್ಲುಬಿಟ್ಟು ನಕ್ಕಳು.

ಆ ನಗುವೇ ತಮ್ಮ ಪೋಸ್ಟರಾಯಿತು. ಮೇಲೆ ಕೆಂಪಿಯ ನಗು, ಕೆಳಗೆ ದಪ್ಪ ಅಕ್ಷರದಲ್ಲಿ "ಹೆತ್ತವರು ಮಾಡಿದ ತಪ್ಪಿಗೆ ಈ ಮಗು ಎಂದೂ ಏನನ್ನೂ ಕೇಳಲಾರದು. ಸೋದರಮಾವನ ಮದುವೆ ಬೇಡ!" ಪೋಸ್ಟರು ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆ ಹತ್ತಿತು. ಮುಧೋಳದ ಬಸ್ ನಿಲ್ದಾಣದಲ್ಲಿ ಇಬ್ಬರು ಹೆಣ್ಣುಮಕ್ಕಳು ಅದರ ಮುಂದೆ ನಿಂತಿದ್ದನ್ನು ನಾನೇ ಕಂಡೆ. ಓದು ಬರುವವಳು ಓದಿ ಹೇಳಿದಳು. ಓದು ಬಾರದವಳು ಪೋಸ್ಟರನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಬೇ, ಸ್ವಾದರಮಾವನ್ನ ಮಾಡಿಕೊಂಡ್ರ ಇಷ್ಟ ಛಂದನ್ನ ಕೂಸು ಹುಟ್ಟತೈತಿ ಅಂದ್ರ ಬ್ಯಾಡ ಯಾಕಂತಾರ?" ಎಂದಳು. ನಾನು ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡೆ. ಅಪಾಯ ಸಾರುವ ಪೋಸ್ಟರಿಗೆ ಆಹ್ವಾನ ಪತ್ರಿಕೆಯ ಕಳೆ ಬಂದದ್ದು ನಮ್ಮ ತಪ್ಪಂತೂ ಅಲ್ಲ.

ದುರಾಸೆ ಎಂದಿರಲ್ಲ, ಅದಕ್ಕೊಂದು ಮಾತು. ಯಾವ ಆಸ್ತಿ, ಸ್ವಾಮಿ? ಹೊರಗೆ ಹೋಗಲಿಕ್ಕೆ ನಮ್ಮ ಮನೆಯಲ್ಲಿ ಇದ್ದದ್ದು ಸದ್ದು ಒಂದೇ, ಅದು ದಿನಾ ಹೋಗುತ್ತಲೇ ಇತ್ತು. ನಾನು ಹುಟ್ಟಿದ ದಿನ ಆಯಿ ನನ್ನ ಕೈಗೆ ಬಳೆ ಹಾಕಿ "ನನ್ನ ಸೊಸಿ ಬಂದ್ಲು" ಎಂದಳಂತೆ. ಯಾಕೆಂದರೆ ಹೆಣ್ಣನ್ನು ಗುರುತಿಲ್ಲದ ಮನೆಗೆ ದೂಡಿ, ಅಲ್ಲಿ ಹೇಗಿದ್ದಾಳೋ ಉಂಡಳೋ ಬಿಟ್ಟಳೋ ಎಂದು ಕೊರಗುವುದು ಅವಳಿಗೆ ಬೇಕಾಗಿರಲಿಲ್ಲ. ನನಗೆ ವರದಕ್ಷಿಣೆಯ ಮಾತು ಬರಲಿಲ್ಲ, ಅತ್ತೆಯ ಕಾಟ ಬರಲಿಲ್ಲ. ಅತ್ತೆ ಬೈದರೆ ಆಯಿಯ ತೊಡೆಯ ಮೇಲೆ ಮಲಗಿ ಅಳಬಹುದಿತ್ತು, ಎರಡೂ ಒಂದೇ ತೊಡೆಯಾದರೂ. ಪ್ರೀತಿಯಿಂದ ನಡೆದುಬಂದ ಪದ್ಧತಿ ಇದು. ಅದರಲ್ಲಿ ಅಪಾಯವಿದೆ ಎನ್ನಿ, ಒಪ್ಪುತ್ತೇನೆ, ಒಪ್ಪಿದ್ದೇನೆ. ಆದರೆ ಅದನ್ನು ಹೇಳಲು ನನ್ನನ್ನು ಪೆಂಡಾಲಿನಲ್ಲಿ ನಿಲ್ಲಿಸಿ ತಪ್ಪಿತಸ್ಥೆ ಮಾಡಬೇಕಾಗಿರಲಿಲ್ಲ. ನನಗೆ ಬಹಳ ನೋವಾಯಿತು, ಮತ್ತು ಆ ನೋವಿನಿಂದ ಯಾರಿಗೂ ಏನೂ ಲಾಭವಾಗಲಿಲ್ಲ.

ಲಾಭ ಹಾಗಿರಲಿ, ನಷ್ಟವೇ ಆಗುವುದರಲ್ಲಿತ್ತು. ನನ್ನ ತಮ್ಮ ಲಗಮಣ್ಣನಿಗೆ ಆಯಿಯ ದೊಡ್ಡ ಮಗನ ಮಗಳನ್ನು ತರುವ ಮಾತು ಮೆಲ್ಲಗೆ ನಡೆದಿತ್ತು. ನಾವೂ ಕೆಂಪಿಯನ್ನು ನೋಡಿ ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದೆವು. ತಮ್ಮ ಭಾಷಣ ಕೇಳಿ ಬಂದ ಆಯಿ ಚಪ್ಪಲಿ ಬಿಡುವ ಮುಂಚೆಯೇ ಸಾರಿದಳು. "ನಮಗ ಶಾಣ್ಯಾತನ ಹೇಳಾಕ ಬರತಾನ? ಈ ಶಿವರಾತ್ರಿ ಆತಂದ್ರ ಲಗಮ್ಯಾನ ಲಗ್ನ! ಮನ್ಯಾಗಿನ ಹುಡುಗೀನ! ಆ ಸಾಹೇಬಗ ಮದಲನೇ ಪತ್ರಿಕಿ ಕಳಸ್ರಿ!" ಮೈಕಿನ ಬೈಗುಳಕ್ಕೆ ಎಷ್ಟು ಮದುವೆ ನಿಂತವೋ ನನಗೆ ತಿಳಿಯದು, ಹಟಕ್ಕೆ ಬಿದ್ದು ಹೊರಟ ಒಂದು ಮದುವೆಯನ್ನಂತೂ ನಾನು ಕಣ್ಣಾರೆ ಕಂಡೆ.

ಅದನ್ನು ನಿಲ್ಲಿಸಿದವರು ಜಮಖಂಡಿಯಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿರುವ ಒಬ್ಬ ಡಾಕ್ಟರಮ್ಮ. ಕೆಂಪಿಯನ್ನು ತೋರಿಸಲು ಹೋದಾಗ ಆಯಿಯೂ ಬಂದಿದ್ದಳು, ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಬಂದಿದ್ದಳು. ಡಾಕ್ಟರಮ್ಮ ಮೊದಲು ಅವಳಿಗೆ ಚಹಾ ತರಿಸಿದರು. ಆಮೇಲೆ ಹೇಳಿದರು:

"ಆಯೀ, ಯಾರದೂ ತಪ್ಪಿಲ್ರಿ ಇದರಾಗ. ಮಗ್ಗದ ಸಪ್ಪಳದಿಂದ ಆಗಿದ್ದಲ್ಲ, ಗ್ರಾಚಾರದಿಂದನೂ ಅಲ್ಲ. ಒಂದೊಂದ ಮನಿತನದಾಗ ಒಂದ ಸಣ್ಣ ಕೊರತಿ ಕಾಣದಂಗ ಅಡಗಿರತೈತಿ. ಅಪ್ಪ ಅವ್ವ ಇಬ್ಬರೊಳಗ ಒಬ್ಬರ ಕಡಿಂದ ಬಂದ್ರ ಕೂಸಿಗೆ ಏನೂ ಆಗೂದಿಲ್ಲ. ಇಬ್ಬರ ಕಡಿಂದನೂ ಅದ ಕೊರತಿ ಬಂತಂದ್ರ ಕೂಸಿಗೆ ತಟ್ಟತೈತಿ. ಇಬ್ಬರೂ ಒಂದ ಮನಿತನದವರಾದ್ರ ಹಂಗ ಕೂಡೂದು ಹೆಚ್ಚು. ಆಗೇ ತೀರತೈತಿ ಅಂತಲ್ಲ, ಹೊರಗಿನವರನ್ನ ಮಾಡಿಕೊಂಡವರಿಗೂ ಒಮ್ಮೊಮ್ಮೆ ಆಗತೈತಿ. ಆದ್ರ ನಿಮ್ಮನ್ಯಾಗ ಒಮ್ಮೆ ಕಾಣಿಸಿಕೊಂಡೈತಿ ನೋಡ್ರಿ, ಮತ್ತ ಯಾಕ ಮೈಮ್ಯಾಲ ಎಳಕೋಬೇಕು?"

ಆಯಿ ಚಹಾದ ಬಸಿ ಕೆಳಗಿಟ್ಟಳು. "ಅಂದ್ರ ಸವಕಲ ನೂಲಿದ್ದ ಲಡಿನ ಹಾಸಿಗೂ ಹಾಕಿ, ಅದನ್ನ ಹೊಕ್ಕಿಗೂ ಹಾಕಿದಂಗ," ಎಂದಳು. "ಅಂಥಾ ಸೀರಿ ತಡ್ಯೂದಿಲ್ಲ ಬಿಡ್ರಿ."

ಅಷ್ಟೇ. ಮನೆಗೆ ಬಂದು ತಾನೇ ಮದುವೆ ಮಾತು ಮುರಿದಳು. ಲಗಮಣ್ಣನಿಗೆ ತೇರದಾಳದಿಂದ, ಸಂಬಂಧವೇ ಇಲ್ಲದ ಮನೆಯಿಂದ ಹೆಣ್ಣು ತಂದರು. ಈಗ ಆಯಿ ಓಣಿಯಲ್ಲಿ ಯಾರ ಮನೆಯಲ್ಲಿ ಲಗ್ನದ ಸುದ್ದಿ ಎದ್ದರೂ ಕರೆಯದಿದ್ದರೂ ಹೋಗಿ ಕೂತು, ಹುಡುಗ ಹುಡುಗಿಗೆ ಏನಾಗಬೇಕೆಂದು ವಿಚಾರಿಸಿ, ಆ ಸವಕಲು ನೂಲಿನ ಲಡಿಯ ಕತೆ ಹೇಳಿ ಬರುತ್ತಾಳೆ. ಮನೆಗೆ ಬಂದು ಮಾತ್ರ ಲಗಮಣ್ಣನ ಹೆಂಡತಿಯ ಮೇಲೆ ಗೊಣಗುತ್ತಾಳೆ. "ಹೊರಗಿನ ಹುಡುಗಿ ಅಂದ್ರ ಹುಟ್ಟೂ ಕೂಸಿನ ಕಿವಿಗೆ ಚಲೋ, ಆದ್ರ ಪಲ್ಲೆಕ್ಕ ಉಪ್ಪ ಹಾಕೂದು ಬರೂದಿಲ್ಲ ನೋಡ." ತಮ್ಮ ಇಲಾಖೆಗೆ ಇಂಥ ಪ್ರಚಾರಕಿ ಸಂಬಳವಿಲ್ಲದೆ ಸಿಕ್ಕಿದ್ದಾಳೆ. ತಾವು ಅವಳನ್ನು ಅಜ್ಞಾನಿ ಎಂದಿದ್ದಿರಿ ಎಂಬುದನ್ನು ಅವಳು ಇನ್ನೂ ಮರೆತಿಲ್ಲ, ಅದೊಂದು ಜೋಕೆ.

ಆ ಡಾಕ್ಟರಮ್ಮನೇ ವಸತಿ ಶಾಲೆಯ ವಿಷಯವನ್ನೂ ಹೇಳಿದವರು. ಕೆಂಪಿಗೆ ಪೂರ್ತಿ ಕೇಳುವುದಿಲ್ಲವೆಂದಲ್ಲ, ಬಹಳ ದೊಡ್ಡ ಸದ್ದು ಎಲ್ಲೋ ಮಸುಕಾಗಿ ಮುಟ್ಟುತ್ತಿರಬೇಕು, ಯಂತ್ರ ಹಾಕಿ ಈಗಲೇ ಕಲಿಸಿದರೆ ಮಾತು ಬಂದೀತು, ತಡಮಾಡಿದರೆ ಬರಲಿಕ್ಕಿಲ್ಲ ಎಂದರು. "ನಾ ಬರದ ಕೊಟ್ರ ನಡ್ಯೂದಿಲ್ಲವ್ವಾ, ಸರಕಾರಿ ದವಾಖಾನಿದ ಬೇಕು" ಎಂದು ಜಿಲ್ಲಾ ಕೇಂದ್ರಕ್ಕೆ ಕಳಿಸಿದರು. ನಾವು ಶಾಲೆ ನೋಡಿ ಬಂದೆವು. ಕೆಂಪಿ ಅಲ್ಲಿ ಮಕ್ಕಳು ಕೈಯಲ್ಲಿ ಮಾತಾಡುವುದನ್ನು ಕಂಡು, ಇಷ್ಟು ದೊಡ್ಡ ಮನೆಯಲ್ಲಿ ಮಗ್ಗ ಎಲ್ಲಿವೆ ಎಂದು ನನ್ನನ್ನು ಕೇಳಿದಳು. ವಾಪಸು ಬರಲು ಒಪ್ಪದೆ ಒಂದು ಬೆಂಚನ್ನು ತಬ್ಬಿಕೊಂಡು ಕೂತಳು. ಮಾವ ಅವಳನ್ನು ಎತ್ತಿಕೊಂಡು ಬರಬೇಕಾಯಿತು.

ಇನ್ನು ತಮ್ಮ ಆಸ್ಪತ್ರೆಯ ಪರೀಕ್ಷೆ. ಕಿವಿ ಪರೀಕ್ಷಿಸುವ ಯಂತ್ರವೊಂದು ಅಲ್ಲಿದೆಯಂತೆ. ಅದು ಕೋಣೆಯೊಂದರಲ್ಲಿದೆ, ಕೋಣೆಗೆ ಬೀಗವಿದೆ, ಬೀಗದ ಕೈ ಇರುವವರು ತರಬೇತಿಗೆ ಹೋಗಿದ್ದಾರೆ. ಪರವಾಗಿಲ್ಲ, ಯಂತ್ರವಿಲ್ಲದೆಯೂ ನೋಡಬಹುದು ಎಂದರು ಹರೆಯದ ವೈದ್ಯರು. ಕೆಂಪಿಯನ್ನು ತಮ್ಮ ಎದುರಿಗೇ ಕೂರಿಸಿಕೊಂಡು, ಬಾಯಿ ಅಗಲಿಸಿ, ಬಿಡಿಸಿ ಬಿಡಿಸಿ ಕೇಳಿದರು.

"ನಿನ್ನ ಹೆಸರೇನು?"

"ಎಂಪಿ," ಎಂದಳು ನಮ್ಮ ಜಾಣೆ.

"ಊಟ ಆಯ್ತಾ?"

ಆಯಿತೆಂದು ಹೊಟ್ಟೆ ಸವರಿಕೊಂಡಳು.

"ಯಾರ ಜೊತೆ ಬಂದೆ?"

ನನ್ನ ಕಡೆ ಬೆರಳು ಮಾಡಿದಳು. "ಸಾಹೇಬ್ರ, ಆಕಿ ನಿಮ್ಮ ತುಟಿ ನೋಡಿ ಹೇಳಾಕತ್ತಾಳ್ರಿ. ಬಾಯಿಗೆ ಏನರ ಅಡ್ಡ ಹಿಡಕೊಂಡ ಕೇಳ್ರಿ," ಎಂದೆ.

"ಡಾಕ್ಟರ್ ನಾನೋ ನೀವೋ?" ಎಂದರು ಅವರು. ಆದರೂ ಒಳ್ಳೆಯವರು, ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಕೆಂಪಿ ಮೇಜಿನ ಮೇಲೆ ಮೊಳಕೈಯೂರಿ ಎತ್ತಲೋ ನೋಡುತ್ತಿದ್ದಾಗ ಮೇಜನ್ನು ಧಡ್ ಎಂದು ಗುದ್ದಿದರು. ಅವಳು ತಿರುಗಿದಳು. ತಿರುಗದೆ ಏನು ಮಾಡುತ್ತಾಳೆ? ನೆಲದ ನಡುಕದಿಂದಲೇ ಯಾವ ಮಗ್ಗ ನಿಂತಿತು ಎಂದು ಹೇಳುವ ಹುಡುಗಿ ಅವಳು. ವೈದ್ಯರು ಗೆದ್ದವರಂತೆ ನನ್ನನ್ನು ನೋಡಿ ಬರೆದೇಬಿಟ್ಟರು. ಕೇಳುವ ಶಕ್ತಿ ಸರಿಯಾಗಿದೆ, ಮಾತು ಸ್ವಲ್ಪ ತಡ, ತಾಯಿಗೆ ವೃಥಾ ಗಾಬರಿ.

ಅಷ್ಟರಲ್ಲಿ ಕೆಂಪಿ ನನ್ನ ಸೆರಗು ಜಗ್ಗತೊಡಗಿದಳು. ವೈದ್ಯರ ಬೆನ್ನ ಹಿಂದಿನ ಗೋಡೆಯ ಮೇಲೆ ತಮ್ಮ ಪೋಸ್ಟರ್ ಇತ್ತು. ತನ್ನ ನಗುವನ್ನು ತಾನೇ ಕಂಡು ಅವಳು ಕುಣಿದಾಡಿದಳು. ಬೆರಳನ್ನು ಒಮ್ಮೆ ಗೋಡೆಗೆ, ಒಮ್ಮೆ ತನ್ನ ಎದೆಗೆ ತೋರಿಸಿದಳು.

"ಸಾಹೇಬ್ರ, ಹಿಂದ ನೋಡ್ರಿ," ಎಂದೆ. "ಅಲ್ಲಿರಾಕಿ ಈಕೀನ. ಆಕಿ ಏನೂ ಕೇಳಲಾರಳು ಅಂತ ನಿಮ್ಮ ಇಲಾಖೇನ ಬರದೈತಿ."

ವೈದ್ಯರು ತಿರುಗಿ ನೋಡಿದರು. ಮತ್ತೆ ಕೆಂಪಿಯನ್ನು ನೋಡಿದರು. ಇಬ್ಬರೂ ಒಂದೇ ರೀತಿ ನಗುತ್ತಿದ್ದರು. "ಅದು ಪ್ರಚಾರ ವಿಭಾಗದ್ದು. ಇದು ವೈದ್ಯಕೀಯ ಪರೀಕ್ಷೆ. ಎರಡನ್ನೂ ಬೆರೆಸಬಾರದು," ಎಂದರು. ಎಂಥ ಮಾತು! ನಾನು ಎರಡನ್ನೂ ಒಂದೇ ಹೊಟ್ಟೆಯಲ್ಲಿ ಹೊತ್ತು ಹೆತ್ತವಳು, ಮಾನ್ಯರೇ. ಬೆರೆಸಬೇಡ ಎಂದರೆ ಹೇಗೆ?

ಇದರ ಮೇಲೆ ನಾನು ತಮಗೇ ಅರ್ಜಿ ಬರೆದೆ. ತಮ್ಮ ಉತ್ತರ ಬಂತು. ವೈದ್ಯರ ವರದಿ ಸ್ಪಷ್ಟವಾಗಿರುವುದರಿಂದ ಮರುಪರೀಕ್ಷೆಯ ಅವಶ್ಯಕತೆ ಕಂಡುಬರುವುದಿಲ್ಲ. ಎಷ್ಟು ಚೊಕ್ಕ ವಾಕ್ಯ! ಹುಡುಗಿಯನ್ನು ಬಲ್ಲವರಿಗೆಲ್ಲ ಅವಶ್ಯಕತೆ ಕಂಡಿದೆ, ತಮಗೊಬ್ಬರಿಗೆ ಕಂಡುಬರುವುದಿಲ್ಲ. ಹೇಳಿ, ನನ್ನ ಮಗಳು ತಮಗೆ ಯಾವಾಗ ಬೇಕು? ಹೆದರಿಸಲು ಬೇಕಾದಾಗ ಕಿವುಡಿ, ಹಕ್ಕು ಕೇಳಿದಾಗ ಕೇಳುವವಳೇ? ಮದುವೆಯಾಗಬೇಡಿ ಎಂದು ಹೇಳುವುದು ತಮ್ಮ ಕೆಲಸವಾದರೆ, ಆದ ಮದುವೆಗೆ ಹುಟ್ಟಿದ ಕೂಸಿನ ಕೈ ಹಿಡಿಯುವುದು ಯಾರ ಕೆಲಸ? ಅದಕ್ಕೂ ಒಂದು ವಿಭಾಗ ಇರಬೇಕಲ್ಲ. ಅದರ ಬೀಗದ ಕೈಯವರೂ ತರಬೇತಿಗೆ ಹೋಗಿದ್ದಾರೆಯೇ?

ಆಸ್ಪತ್ರೆಯ ದಿನ ಸಂಜೆ ನಡೆದ ಇನ್ನೊಂದು ಸಂಗತಿಯನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ಬರೆಯಲು ಕೈ ಬಂದಿರಲಿಲ್ಲ. ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ನಾನು ಜಮಖಂಡಿ ಬಸ್ಸು ಯಾವ ಕಡೆ ನಿಲ್ಲುತ್ತದೆಂದು ವಿಚಾರಿಸುತ್ತಿದ್ದೆ. ಕೆಂಪಿ ಕೈ ಬಿಡಿಸಿಕೊಂಡು ಕಬ್ಬಿನ ಹಾಲಿನ ಗಾಣ ತಿರುಗುವುದನ್ನು ನೋಡಲು ಓಡಿದಳು. ನಡುದಾರಿಯಲ್ಲಿ ನಿಂತು, ಬಾಯಿ ತೆರೆದು, ಆ ಗಾಲಿಯನ್ನೇ ನೋಡುತ್ತಿದ್ದಳು. ಹಿಂದಿನಿಂದ ಒಂದು ಬಸ್ಸು ಒಳಗೆ ಬಂತು. ಹಾರ್ನು ಹೊಡೆಯಿತು. ಮತ್ತೆ ಮತ್ತೆ ಹೊಡೆಯಿತು. ಜನ ಕೂಗಿದರು. ನಾನು "ಕೆಂಪೀ" ಎಂದು ಚೀರಿದೆ, ಚೀರಿದರೆ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಚೀರಿದೆ. ಓಡಿಹೋಗಿ ಜಡೆ ಹಿಡಿದು ಎಳೆದುಕೊಂಡಾಗ ಬಸ್ಸಿನ ಬಿಸಿ ನನ್ನ ಮುಖಕ್ಕೆ ಬಡಿಯಿತು. ಹುಡುಗಿ ಉಳಿದಳು.

ಚಾಲಕ ಬೆವರಿ ಕೆಳಗಿಳಿದು ಬಂದ. "ಇಷ್ಟ ಹಾರ್ನ್ ಹೊಡದೀನಿ, ನಿನ್ನ ಮಗಳು ಕಿವುಡಿ ಏನವ್ವಾ?" ಎಂದು ಅರಚಿದ.

ಮಾನ್ಯರೇ, ಇಡೀ ದಿನ ಆ ಒಂದು ಮಾತಿಗಾಗಿ ನಾನು ಸರಕಾರಿ ಬಾಗಿಲುಗಳನ್ನು ಕಾದಿದ್ದೆ. ನನಗೆ ನಗು ಬಂತು. "ಹೌದ್ರಿ ಅಣ್ಣಾರ!" ಎಂದೆ. "ಖರೇನ ಕಿವುಡಿ ಅದಾಳ್ರಿ! ಅದನ್ನೊಂದಿಷ್ಟ ಬರದ ಕೊಡ್ರಿ, ನಿಮ್ಮ ಕಾಲ ಬೀಳತೇನಿ!" ಅವನು ನನಗೆ ತಲೆ ಕೆಟ್ಟಿದೆಯೆಂದು ತಿಳಿದು, ಕೆಂಪಿಗೆ ಒಂದು ಲೋಟ ಕಬ್ಬಿನ ಹಾಲು ಕೊಡಿಸಿ ಹೋದ. ಬಸ್ಸಿನಲ್ಲಿ ಕೂತ ಮೇಲೆ ನಗು ನಿಂತಿತು. ಅವಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಗಲಗಲಿಯ ಹೊಳೆ ದಾಟುವ ತನಕ ಅಳುತ್ತಲೇ ಇದ್ದೆ, ಅದು ಅವಳಿಗೆ ಗೊತ್ತಾಗಬಾರದೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದೆ.

ಈಗ ನನ್ನ ಬೇಡಿಕೆ. ಪೋಸ್ಟರನ್ನು ಕಿತ್ತುಹಾಕಿ ಎಂದು ಕೇಳುವುದಿಲ್ಲ, ಕೆಂಪಿಗೆ ಅದು ಇಷ್ಟ. ಕೆಳಗಿನ ಬರಹವನ್ನಷ್ಟೇ ತಿದ್ದಿ. ಮದುವೆಗೆ ಮುಂಚೆ ಒಮ್ಮೆ ವೈದ್ಯರನ್ನು ಕೇಳಿ, ಕೂಸು ಹುಟ್ಟಿದ ಮೇಲೆ ಬೇಗ ಕಿವಿ ತೋರಿಸಿ, ಮುಂದಿನದಕ್ಕೆ ನಾವಿದ್ದೇವೆ ಎಂದು ಬರೆಯಿರಿ. ಕಡೆಯ ಮಾತು ಬರೆಯುವ ಮುನ್ನ ಮಾತ್ರ ಚೆನ್ನಾಗಿ ಯೋಚಿಸಿ, ಬರೆದ ಮೇಲೆ ಇರಬೇಕಾಗುತ್ತದೆ. ಕಿವಿಯ ಯಂತ್ರವನ್ನು ಕೋಣೆಯಿಂದ ಬಿಡಿಸಿ ನಮ್ಮ ತಾಲೂಕುಗಳಿಗೆ ಆಗಾಗ ಕಳಿಸಿ. ಮೈಕು ಅಷ್ಟು ದೂರ ಬಂದಿತ್ತು, ಯಂತ್ರ ಬಾರದೇ? ಇವೆಲ್ಲ ನಿಧಾನ ಆದರೂ ಸೈ. ನಿಧಾನ ಆಗಬಾರದ್ದು ಒಂದೇ. ಕೆಂಪಿಯನ್ನು ಜೂನ್ ಒಳಗೆ ಮತ್ತೆ ಪರೀಕ್ಷಿಸಿ. ಯಂತ್ರ ಇಲ್ಲವೆಂದರೆ ತಾವೇ ಬನ್ನಿ. ನಮ್ಮ ಅಂಗಳದಲ್ಲಿ ಅವಳನ್ನು ಆಚೆ ಮುಖ ಮಾಡಿ ಕೂರಿಸುತ್ತೇನೆ. ತಾವು ಅವಳ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯಿರಿ, ಬೇಕಾದರೆ ಪೆಂಡಾಲಿನ ಭಾಷಣವನ್ನೇ ಮೊದಲಿಂದ ಮಾಡಿ. ಅವಳು ತಿರುಗಿದರೆ ನಾನು ಇದೇ ಪತ್ರಿಕೆಯಲ್ಲಿ ತಮ್ಮ ಕ್ಷಮೆ ಕೇಳುತ್ತೇನೆ. ತಿರುಗದಿದ್ದರೆ ಅಲ್ಲೇ ನಿಂತು ಬರೆದು ಸಹಿ ಮಾಡಿ ಕೊಡಬೇಕು. ಪೆನ್ನು ನಮ್ಮ ಮನೆಯಲ್ಲಿದೆ.

ಶಾಲೆ ಯಾವಾಗ ಎಂದು ಕೆಂಪಿ ದಿನಾ ಬೆಳಿಗ್ಗೆ ಕೇಳುತ್ತಾಳೆ. ಹೆಗಲಿಗೆ ಇಲ್ಲದ ಚೀಲ ಏರಿಸಿ, ಹುಬ್ಬು ಹಾರಿಸಿ ಕೇಳುತ್ತಾಳೆ. ನಾನು ಜೂನ್ ಎನ್ನುತ್ತೇನೆ. ಆ ಮಾತಿಗೆ ತುಟಿ ಗುಂಡಗೆ ಮುಂದೆ ಬರುತ್ತದೆ, ಅವಳು ಅದನ್ನು ಒಂದೇ ದಿನದಲ್ಲಿ ಕಲಿತಳು. ಈಗ ಮನೆತುಂಬ ತುಟಿ ಮುಂದೆ ಮಾಡಿಕೊಂಡು ಮಗ್ಗದಿಂದ ಮಗ್ಗಕ್ಕೆ ಓಡಾಡುತ್ತಾಳೆ, ಎಲ್ಲರಿಗೂ ಜೂನ್ ಹೇಳಿ ಬರುತ್ತಾಳೆ. ಜೂನ್ ಬಂದೇ ಬರುತ್ತದೆ. ಆ ಬೆಳಿಗ್ಗೆ ಅವಳು ತಲೆ ಬಾಚಿಸಿಕೊಂಡು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಾಳೆ. ನಾನು ಬಾಯಲ್ಲಿ ಏನು ಹೇಳಿದರೂ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ, ಸುಳ್ಳು ಹೇಳಿದರೆ ಇನ್ನೂ ಬೇಗ ತಿಳಿದುಕೊಳ್ಳುತ್ತಾಳೆ. ಅವಳಿಗೆ ನಾನು ಏನು ಹೇಳಬೇಕು ಎಂಬುದನ್ನು, ಮಾನ್ಯರೇ, ಅಷ್ಟರೊಳಗೆ ತಾವೇ ಬರೆದು ತಿಳಿಸಿ.

ಇಂತಿ,
ತಮ್ಮ ಉತ್ತರ ಬಂದೀತೆಂದು ಎರಡೂ ಕಿವಿ ತೆರೆದುಕೊಂಡು ಕೂತಿರುವ,
ಭಾಗವ್ವ
(ಪೋಸ್ಟರಿನಲ್ಲಿರುವವಳ ಅವ್ವ)